ಎರಡು ಪದ, ಒಂದೇ ಗುಂಡಿ

ನಿನ್ನೆ ನಮ್ಮದೇ ವಾಟ್ಸಾಪ್ ಗುಂಪಲ್ಲಿ ಒಬ್ಬ ಹುಡುಗ ಕೇಳಿದ: "ಅಣ್ಣ, ಅವರು ಯಾವ ಇಂಗ್ಲಿಷ್ ಪದ ಬರೆದ್ರೇನು? ಮ್ಯಾನ್‌ಹೋಲಲ್ಲಿ ಸತ್ತವನು ವಾಪಸ್ ಬರ್ತಾನಾ? ಬೀದಿಗಿಳಿಯೋದು ಬಿಟ್ಟು ಡಿಕ್ಷನರಿ ಹಿಡ್ಕೊಂಡು ಕೂತ್ರೆ ಹೇಗೆ?"

ಬರಲ್ಲ ತಮ್ಮಾ. ಆದರೆ ಅವನ ಸಾವು ಯಾವ ಲೆಕ್ಕಕ್ಕೆ ಹೋಗುತ್ತೆ, ಯಾರ ಮೇಲೆ ಯಾವ ಕೇಸಾಗುತ್ತೆ, ಅವನ ಹೆಂಡತಿ ಹಕ್ಕಿನಿಂದ ಕೇಳಬೇಕಾ ಕೈಮುಗಿದು ಬೇಡಬೇಕಾ ಅನ್ನೋದು ಆ ಪದದ ಮೇಲೇ ನಿಂತಿದೆ. ನಾನು ಗುಮಾಸ್ತ. ಒಂದು ಪದ ತಿದ್ದಿದರೆ ಕಡತ ಹೇಗೆ ದಾರಿ ಬದಲಿಸುತ್ತೆ ಅಂತ ದಿನಾ ನೋಡ್ತೀನಿ.

2021ರ ಜುಲೈನಲ್ಲಿ ರಾಜ್ಯಸಭೆಗೆ ಸಚಿವ ರಾಮದಾಸ್ ಅಠಾವಳೆ ಉತ್ತರ ಕೊಟ್ಟರು: 'ಮ್ಯಾನ್ಯುವಲ್ ಸ್ಕ್ಯಾವೆಂಜಿಂಗ್'ನಿಂದ ಸತ್ತ ವರದಿ ಇಲ್ಲ. ಹಾಗಾದರೆ ಗುಂಡಿಯಲ್ಲಿ ಉಸಿರುಗಟ್ಟಿ ಸತ್ತ ನೂರಾರು ಜನ? ಅವರನ್ನು ಇದೇ ಸಚಿವಾಲಯ ಇನ್ನೊಂದು ತಲೆಬರಹದಡಿ ಎಣಿಸುತ್ತೆ: 'ಹಜಾರ್ಡಸ್ ಕ್ಲೀನಿಂಗ್'. ಅದೇ ಮಲ, ಅದೇ ಜಾತಿ. ಪದ ಬೇರೆ, ಅಷ್ಟೇ.

ವ್ಯತ್ಯಾಸ ಏನು ಗೊತ್ತಾ? ಸ್ಕ್ಯಾವೆಂಜಿಂಗ್ ಅಂದರೆ ಜಾತಿ ಕಾಣುತ್ತೆ. ಹಜಾರ್ಡಸ್ ಅಂದರೆ ಕೆಲಸ ಅಪಾಯಕಾರಿ ಅಂತಷ್ಟೇ ಕಾಣುತ್ತೆ. ಪಟಾಕಿ ಕಾರ್ಖಾನೆನೂ ಹಜಾರ್ಡಸ್ಸೇ. ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 3(1)(ಜೆ) ಕಲಂ, ಪರಿಶಿಷ್ಟರಿಂದ ಮ್ಯಾನ್ಯುವಲ್ ಸ್ಕ್ಯಾವೆಂಜಿಂಗ್ ಮಾಡಿಸೋದನ್ನ ದೌರ್ಜನ್ಯ ಅನ್ನುತ್ತೆ. ಕಾಗದದಲ್ಲಿ ಆ ಪದ ಇಲ್ಲದಿದ್ದರೆ ಆ ಕಲಂ ಕೈಬಿಡೋಕೆ ನೆಪ ಸಿಕ್ಕಿತು.

ತಮಾಷೆ ಅಂದರೆ ಅವರ ಪದವೂ ಅವರನ್ನ ಉಳಿಸಲ್ಲ. 2013ರ ಕಾಯ್ದೆ ಪ್ರಕಾರ, ರಕ್ಷಣಾ ಸಾಮಗ್ರಿ ಕೊಡದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಕೈಯಿಂದ ಸ್ವಚ್ಛ ಮಾಡಿಸೋದೇ ಹಜಾರ್ಡಸ್ ಕ್ಲೀನಿಂಗ್. 7ನೇ ಕಲಂ ಅದನ್ನ ನಿಷೇಧಿಸಿದೆ. 9ನೇ ಕಲಂ ಪ್ರಕಾರ ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು. ಅಂದರೆ ಆ ಪದ ಬರೆದ ಕೂಡಲೇ ಮಾಡಿಸಿದವನ ಅಪರಾಧ ಒಪ್ಪಿಕೊಂಡ ಹಾಗೆ. ಅದಕ್ಕೇ ಮೂರನೇ ಪದ ಹುಡುಕ್ತಾರೆ: 'ಆಕ್ಸಿಡೆಂಟ್'. ಆಕ್ಸಿಡೆಂಟ್ ಅಂದಮೇಲೆ ಇಳಿಸಿದವನೇ ಇಲ್ಲ, ಇಳಿದವನು ಮಾತ್ರ.

ಈಗ ನನ್ನ ತಪ್ಪು ಹೇಳ್ತೀನಿ. ಒಮ್ಮೆ ಇಂಥದೇ ಒಂದು ಸಾವಿನ ಪತ್ರಕ್ಕೆ ಡ್ರಾಫ್ಟ್ ಹಾಕಿದ್ದೆ. 'ಕಾಂಪೆನ್ಸೇಷನ್' ಅಂತ ಬರೆದಿದ್ದೆ. ಮೇಲಿನವರು ಅದನ್ನ ಹೊಡೆದು 'ಎಕ್ಸ್‌ಗ್ರೇಷಿಯಾ' ಅಂತ ಬರೆದರು. "ಎರಡೂ ಒಂದೇ ಅಲ್ವೇನ್ರೀ?" ಅಂದರು. ನಾನು ತಲೆ ಬಗ್ಗಿಸಿ ಟೈಪ್ ಮಾಡಿದೆ.

ಒಂದೇ ಅಲ್ಲ. ಕಾಂಪೆನ್ಸೇಷನ್ ಅಂದರೆ ನಷ್ಟ ಮಾಡಿದವನು ಕಟ್ಟಿಕೊಡಬೇಕಾದ್ದು. ಎಕ್ಸ್‌ಗ್ರೇಷಿಯಾ ಅಂದರೆ ದೊಡ್ಡವರು ದಯೆ ತೋರಿ ಕೊಟ್ಟದ್ದು. ಕನ್ನಡ ಪೇಪರ್‌ನಲ್ಲಿ ಎರಡಕ್ಕೂ 'ಪರಿಹಾರ' ಅಂತಲೇ ಬರುತ್ತೆ, ಹಾಗಾಗಿ ಮೋಸ ನಮ್ಮ ಕಣ್ಣಿಗೇ ಬೀಳಲ್ಲ. ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ, 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ಅಂದಾಗ ಬಳಸಿದ ಪದ ಕಾಂಪೆನ್ಸೇಷನ್. ದಯೆ ಅಲ್ಲ, ಬಾಕಿ. ಅದನ್ನ ಭಿಕ್ಷೆ ಮಾಡಿದ ಕಾಗದಕ್ಕೆ ನನ್ನ ಬೆರಳೂ ತಗುಲಿದೆ. ಆ ಪತ್ರ ಇವತ್ತಿಗೂ ನನ್ನ ಗಂಟಲಲ್ಲಿ ಸಿಕ್ಕೊಂಡಿದೆ.

ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಒಂದೊಂದು ಪದಕ್ಕೂ ವಾದ ಮಾಡಿದ್ದು ಇಂಗ್ಲಿಷ್ ಪಾಂಡಿತ್ಯ ತೋರಿಸೋಕಲ್ಲ. ಪದ ಸಡಿಲಾದ ಕಡೆ ನಮ್ಮ ಹಕ್ಕು ಸೋರಿಹೋಗುತ್ತೆ ಅಂತ ಅವರಿಗೆ ಗೊತ್ತಿತ್ತು.

ಹಾಗಾಗಿ ತಮ್ಮಾ, ಬೀದಿಗೂ ಇಳಿಯೋಣ, ಠಾಣೆಗೂ ಹೋಗೋಣ. ಎಫ್‌ಐಆರ್ ಪ್ರತಿ ಇಸ್ಕೊಂಡು ಅಲ್ಲೇ ನಿಂತು ಓದು. 'ಆಕ್ಸಿಡೆಂಟ್' ಅಂತಿದ್ರೆ ಇಳಿಸಿದವನ ಹೆಸರು ಎಲ್ಲಿ ಅಂತ ಕೇಳು. 2013ರ ಕಾಯ್ದೆ ಹಾಕಿದ್ದಾರಾ, 3(1)(ಜೆ) ಇದೆಯಾ ನೋಡು. ಚೆಕ್ ಜೊತೆ ಬರೋ ಪತ್ರದಲ್ಲಿ 'ಎಕ್ಸ್‌ಗ್ರೇಷಿಯಾ' ಇದ್ರೆ ಆ ಅಕ್ಕನಿಗೆ ಅರ್ಥ ಹೇಳು, ಆಕ್ಷೇಪಣೆ ಬರೆದುಕೊಡು. ಡ್ರಾಫ್ಟ್ ನಾನು ಹಾಕಿಕೊಡ್ತೀನಿ. ಈ ಸಲ ತಲೆ ಬಗ್ಗಿಸಲ್ಲ.

ಜೈ ಭೀಮ್.