ಯಂತ್ರ ಬರಲಿ, ಕಲಿಯುವವರ ಜಾಗ ಉಳಿಯಲಿ
ಪ್ರಸಾರ ಭಾರತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಉಪನ್ಯಾಸಕ. ಆಕಾಶವಾಣಿಯಲ್ಲೋ ದೂರದರ್ಶನದಲ್ಲೋ ಟೆಕ್ನಿಷಿಯನ್, ಎಂಜಿನಿಯರಿಂಗ್ ಅಸಿಸ್ಟೆಂಟ್ ಆಗಬೇಕೆಂಬುದು ಒಂದು ಕಾಲಕ್ಕೆ ನಮ್ಮ ಡಿಪ್ಲೊಮಾ ವಿದ್ಯಾರ್ಥಿಗಳ ದೊಡ್ಡ ಆಸೆಯಾಗಿತ್ತು. ಈಗ ತರಗತಿಯಲ್ಲಿ ಆ ಹೆಸರೆತ್ತಿದರೆ, ‘ಅದನ್ನೆಲ್ಲ ಇನ್ನು ಎಐ ಮಾಡುತ್ತಲ್ಲ ಸರ್?’ ಎಂದು ಕೇಳುತ್ತಾರೆ. ಅವರಿಗೆ ಹೇಳಬೇಕಾದ ಉತ್ತರ ತಮ್ಮ ಕೈಯಲ್ಲಿದೆ. ಅದಕ್ಕೇ ಈ ಪತ್ರ.

ಯಂತ್ರ ಬೇಡ ಎನ್ನುವವನು ನಾನಲ್ಲ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಆರಂಭಿಸಿದಾಗ ಅವರ ಬಳಿ ಇದ್ದದ್ದು 30 ವಾಟ್‌ನ ಪ್ರೇಷಕ. ಮುಂದೆ ಬೆಂಗಳೂರು, ಧಾರವಾಡಗಳಲ್ಲಿ 200 ಕಿಲೊವಾಟ್‌ನ ಪ್ರೇಷಕಗಳು ನಿಂತವು. ಸ್ಪೂಲ್ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದ ಕೆಲಸ ಕಂಪ್ಯೂಟರಿಗೆ ಬಂತು. ಆ ಬ್ಲೇಡ್ ಮತ್ತೆ ಬೇಕೆಂದು ಯಾರೂ ಕೇಳುತ್ತಿಲ್ಲ. 2023ರ ಏಪ್ರಿಲ್ 28ರಂದು ಒಂದೇ ದಿನ 100 ವಾಟ್‌ನ 91 ಎಫ್‌ಎಂ ಪ್ರೇಷಕಗಳು ಉದ್ಘಾಟನೆಯಾದವು. ದೇಶದ ಮೂಲೆಮೂಲೆಗೆ ಇಂಥ ಚಿಕ್ಕ ಕೇಂದ್ರಗಳು ಬೇಕೆಂದರೆ ಪ್ರತಿಯೊಂದರಲ್ಲೂ ಮೂರು ಪಾಳಿಯ ಸಿಬ್ಬಂದಿ ಕೂರಲು ಸಾಧ್ಯವಿಲ್ಲ ಎಂಬುದೂ ನನಗೆ ಗೊತ್ತು.

ನನ್ನ ಚಿಂತೆ ಬೇರೆ. ಪ್ರಸಾರ ಕ್ಷೇತ್ರದಲ್ಲಿ ತಂತ್ರಜ್ಞರ ಕೆಲಸ ಸದ್ದಿಲ್ಲದೆ ಹೋಗುತ್ತದೆ. ವಜಾ ಆದೇಶ ಬರುವುದಿಲ್ಲ, ಮುಷ್ಕರ ನಡೆಯುವುದಿಲ್ಲ, ಪತ್ರಿಕೆಯಲ್ಲಿ ಸುದ್ದಿಯೂ ಆಗುವುದಿಲ್ಲ. ಹಿರಿಯರು ಹಾರ ಹಾಕಿಸಿಕೊಂಡು ನಿವೃತ್ತರಾಗುತ್ತಾರೆ, ಅವರ ಜಾಗ ಖಾಲಿ ಉಳಿಯುತ್ತದೆ. ಸಣ್ಣ ಊರುಗಳಲ್ಲಿದ್ದ ದೂರದರ್ಶನದ ಅನಲಾಗ್ ಮರುಪ್ರಸಾರ ಕೇಂದ್ರಗಳು ಒಂದೊಂದಾಗಿ ಮುಚ್ಚಿದವು. ಆ ತಂತ್ರಜ್ಞಾನಕ್ಕೆ ವಯಸ್ಸಾಗಿತ್ತು, ಮುಚ್ಚಿದ್ದು ಸರಿಯೇ. ಆದರೆ ಅಲ್ಲಿದ್ದವರ ಅನುಭವ ಕಿರಿಯರಿಗೆ ದಾಟಿತೇ? ದಾಟಿಸಿಕೊಳ್ಳಲು ಕಿರಿಯರಾದರೂ ಎಲ್ಲಿದ್ದರು?

ಆ ಅನುಭವ ಎಂಥದೆಂದು ಒಂದು ಉದಾಹರಣೆ ಕೊಡುತ್ತೇನೆ. ಯುಗಾದಿ ಕಳೆದ ಮೇಲೆ ನಮ್ಮಲ್ಲಿ ಅಡ್ಡಮಳೆ ಗುಡುಗು ಸಿಡಿಲಿನೊಂದಿಗೆ ಬರುತ್ತದೆ. ಮಧ್ಯಮ ತರಂಗದ ಎತ್ತರದ ಮಾಸ್ಟ್ ಪಿಂಗಾಣಿಯ ಇನ್ಸುಲೇಟರ್ ಮೇಲೆ ನಿಂತಿರುತ್ತದೆ. ಅದರ ಪಕ್ಕದಲ್ಲೇ ಎದುರುಬದುರಾಗಿ ಎರಡು ಲೋಹದ ಗುಂಡುಗಳು. ಸಿಡಿಲಿನ ವಿದ್ಯುತ್ ಆ ಗುಂಡುಗಳ ನಡುವೆ ಕಿಡಿಯಾಗಿ ಹಾರಿ ನೆಲ ಸೇರುತ್ತದೆ. ಆ ಕ್ಷಣದಲ್ಲಿ ಆಂಟೆನಾಕ್ಕೆ ಹೋಗಬೇಕಾದ ಶಕ್ತಿ ಹಿಂದಕ್ಕೆ ತಿರುಗುವುದರಿಂದ ಪ್ರೇಷಕ ತನ್ನನ್ನು ಉಳಿಸಿಕೊಳ್ಳಲು ಟ್ರಿಪ್ ಆಗುತ್ತದೆ. ಈಗಿನ ಪ್ರೇಷಕಗಳು ತಾವಾಗಿಯೇ ಮತ್ತೆ ಆನ್ ಆಗುತ್ತವೆ. ಹಲವು ಸಲ ಟ್ರಿಪ್ ಆದರೆ ಲಾಕ್ ಆಗಿ ನಿಂತುಬಿಡುತ್ತವೆ. ಆಗ ದೂರದ ಊರಿನ ಪರದೆಯ ಮೇಲೆ ಕೆಂಪು ಸೂಚನೆ ಬೀಳುತ್ತದೆ, ಅಷ್ಟೆ. ಗುಂಡುಗಳು ಕರಿಕಟ್ಟಿವೆಯೋ, ಟ್ಯೂನಿಂಗ್ ಯೂನಿಟ್‌ನ ಕೆಪಾಸಿಟರ್ ಸುಟ್ಟಿದೆಯೋ, ಕಂಟ್ರೋಲ್ ಕೇಬಲನ್ನು ಇಲಿ ಕಡಿದಿದೆಯೋ ಎಂದು ನೋಡಲು ಟಾರ್ಚ್ ಹಿಡಿದು ಒಬ್ಬರು ಹೋಗಲೇಬೇಕು. ಎಲ್ಲಿ ಮೊದಲು ನೋಡಬೇಕೆಂದು ಅವರಿಗೆ ತಿಳಿದಿರಬೇಕು.

ಅದನ್ನು ಅವರು ಕಲಿತದ್ದು ಎಲ್ಲಿ? ಗಂಟೆಗೊಮ್ಮೆ ಮೀಟರ್ ನೋಡಿ ಲಾಗ್ ಬುಕ್ ತುಂಬುವ ಬೇಸರದ ಕೆಲಸದಲ್ಲಿ. ದಿನವೂ ಹಾಗೆ ಸುತ್ತು ಹಾಕಿದವರಿಗೆ ಬ್ಲೋವರ್‌ನ ಸದ್ದು ಕೊಂಚ ಬದಲಾದರೂ ಕಿವಿ ನಿಮಿರುತ್ತದೆ. ಇಂದು ಆ ಅಂಕಿಗಳನ್ನು ಸೆನ್ಸರ್‌ಗಳೇ ದಾಖಲಿಸುತ್ತವೆ. ಯಾವುದೋ ಒಂದು ಆಂಪ್ಲಿಫೈಯರ್ ಮಾಡ್ಯೂಲಿನ ಬಿಸಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಎಐ ಅದನ್ನು ಮನುಷ್ಯರಿಗಿಂತ ಬೇಗ ಗುರುತಿಸಬಲ್ಲದು. ಆ ಕೆಲಸ ಅದಕ್ಕೇ ಹೋಗಲಿ. ಆದರೆ ಹೊಸಬರನ್ನು ತಯಾರು ಮಾಡುತ್ತಿದ್ದ ಶಾಲೆಯೂ ಅದೇ ಆಗಿತ್ತೆಂಬುದನ್ನು ಮರೆಯಬಾರದು. ಕೆಲಸವನ್ನು ಯಂತ್ರಕ್ಕೆ ಕೊಟ್ಟವರು ಕಲಿಕೆಗೆ ಬೇರೆ ದಾರಿ ಮಾಡಿಕೊಡಬೇಕು. ಇಲ್ಲವಾದರೆ ಇಂದಿನ ಹಿರಿಯರು ಹೋದ ಮೇಲೆ ಕೆಂಪು ಸೂಚನೆ ಕಂಡರೂ ಓಡಿಹೋಗಿ ಸರಿಪಡಿಸುವವರು ಇರುವುದಿಲ್ಲ.

ಕಂಟ್ರೋಲ್ ರೂಮಿನ ಮಾತೂ ಇದೇ. ಧ್ವನಿ ನಿಂತುಹೋದರೆ ಪತ್ತೆಹಚ್ಚಿ ತಾನೇ ಫಿಲ್ಲರ್ ಸಂಗೀತ ಹಾಕುವ ವ್ಯವಸ್ಥೆ ಇಂದು ಸಾಮಾನ್ಯ. ಜನವರಿ 30ರ ಬೆಳಿಗ್ಗೆ 11ಕ್ಕೆ ಹುತಾತ್ಮರಿಗಾಗಿ ಪಾಲಿಸುವ ಎರಡು ನಿಮಿಷದ ಮೌನವೂ, ತಂತಿ ಕಡಿದು ಆದ ಮೌನವೂ ಆ ಸಾಧನಕ್ಕೆ ಒಂದೇ. ಗಣ್ಯರೊಬ್ಬರು ತೀರಿಕೊಂಡ ಸುದ್ದಿ ಬಂದ ಕೂಡಲೇ ಸಾಲಿನಲ್ಲಿರುವ ಮದುವೆ ಹಾಡನ್ನು ತೆಗೆಯಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಯಾರಾದರೂ ಹೇಳಬೇಕು. ಹೇಳುವ ಅಧಿಕಾರ ಇರುವವರು ಆ ಹೊತ್ತಿಗೆ ಅಲ್ಲಿರಬೇಕು.

2024ರ ಮೇ 26ರಂದು ಡಿಡಿ ಕಿಸಾನ್ ವಾಹಿನಿ ಎಐ ಕ್ರಿಶ್, ಎಐ ಭೂಮಿ ಎಂಬ ನಿರೂಪಕರನ್ನು ತೆರೆಗೆ ತಂದಿತು. ಐವತ್ತು ಭಾಷೆಗಳಲ್ಲಿ ಮಾತಾಡಬಲ್ಲರೆಂದು ಆಗ ಹೇಳಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪೋಲೆಂಡಿನ ಸಾರ್ವಜನಿಕ ಬಾನುಲಿಯ ಭಾಗವಾದ ಆಫ್ ರೇಡಿಯೊ ಕ್ರಾಕುವ್ ನಿರೂಪಕರ ಜಾಗಕ್ಕೆ ಎಐ ಪಾತ್ರಗಳನ್ನು ತಂದು, ತೀರಿಹೋದ ಕವಯಿತ್ರಿ ಷಿಂಬೋರ್ಸ್ಕಾ ಅವರ ‘ಸಂದರ್ಶನ’ವನ್ನೂ ಬಿತ್ತರಿಸಿತು. ಜನ ಪ್ರತಿಭಟಿಸಿದರು, ಒಂದೇ ವಾರದಲ್ಲಿ ಆ ಪ್ರಯೋಗ ನಿಂತಿತು. ನಿರೂಪಕರ ಮುಖ ಬದಲಾದರೆ ಜನರಿಗೆ ಕಾಣುತ್ತದೆ, ಕೇಳುತ್ತಾರೆ. ಪ್ರೇಷಕದ ಕೋಣೆ ಖಾಲಿಯಾದರೆ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಅದನ್ನು ನೋಡಿಕೊಳ್ಳುವ ಹೊಣೆ ತಮ್ಮದೇ.

2023ರ ಜನವರಿಯಲ್ಲಿ ಕೇಂದ್ರ ಸಂಪುಟ ಪ್ರಸಾರ ಮೂಲಸೌಕರ್ಯಕ್ಕಾಗಿ 2,539.61 ಕೋಟಿ ರೂಪಾಯಿಯ ಬಿಂಡ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಉಪಕರಣಗಳಿಗೆ ಹಣ ಒದಗಿಸುವ ಸರ್ಕಾರವನ್ನು ಜನರಿಗಾಗಿಯೂ ಕೇಳುವುದು ತಮಗೆ ಕಷ್ಟವಾಗಲಾರದು. ನನ್ನ ಕೋರಿಕೆಗಳು ಇಷ್ಟು:

ಒಂದು, ಯಾವ ಕೇಂದ್ರದಲ್ಲಿ ಯಾವ ಕೆಲಸ ಯಂತ್ರಕ್ಕೆ ಹೋಗುತ್ತಿದೆ, ಅಲ್ಲಿನ ಸಿಬ್ಬಂದಿ ಮುಂದೆ ಏನು ಮಾಡುತ್ತಾರೆ ಎಂಬುದನ್ನು ಮೊದಲೇ ಪ್ರಕಟಿಸಿ.

ಎರಡು, 1961ರ ಅಪ್ರೆಂಟಿಸ್ ಕಾಯ್ದೆಯ ಅಡಿ ಪ್ರತಿ ಕೇಂದ್ರವೂ ಹತ್ತಿರದ ಐಟಿಐ, ಪಾಲಿಟೆಕ್ನಿಕ್‌ಗಳ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲಿ. ಹಿರಿಯರು ನಿವೃತ್ತರಾಗುವ ಮೊದಲೇ ಅವರ ಜೊತೆ ಕಿರಿಯರು ಪಾಳಿ ಮಾಡಲಿ.

ಮೂರು, ನೆಟ್‌ವರ್ಕ್, ಸೈಬರ್ ಭದ್ರತೆ, ಎಐ ಉಪಕರಣಗಳ ತರಬೇತಿ ಕಾಯಂ ನೌಕರರಿಗಷ್ಟೇ ಸೀಮಿತವಾಗದೆ ಗುತ್ತಿಗೆಯವರಿಗೂ ಸಿಗಲಿ.

ನಾಲ್ಕು, ಪ್ರವಾಹ, ಚಂಡಮಾರುತ, ಚುನಾವಣೆಯಂಥ ಹೊತ್ತಿನಲ್ಲಿ ಯಂತ್ರವನ್ನು ತಡೆದು ಪ್ರಸಾರ ಬದಲಿಸುವ ಅಧಿಕಾರವುಳ್ಳ ಒಬ್ಬ ತಂತ್ರಜ್ಞರು ಕೇಂದ್ರದಲ್ಲಿ ಇರಲೇಬೇಕೆಂದು ನಿಯಮ ಮಾಡಿ.

ಮೊಬೈಲ್ ಟವರ್‌ಗಳು ಕೈಕೊಟ್ಟ ದಿನ ಜನ ಹುಡುಕುವುದು ರೇಡಿಯೊವನ್ನು. ಆ ದಿನ ಅದು ಮಾತಾಡಬೇಕಾದರೆ ಅದನ್ನು ಬಲ್ಲ ಕೈಗಳು ಇಂದೇ ತಯಾರಾಗಬೇಕು. ಈ ವರ್ಷವೇ ಅಪ್ರೆಂಟಿಸ್‌ಗಳನ್ನು ಕರೆಯಿರಿ. ನಮ್ಮ ವಿದ್ಯಾರ್ಥಿಗಳು ಕಲಿಯಲು ಸಿದ್ಧರಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪಾಲಿಟೆಕ್ನಿಕ್ ಉಪನ್ಯಾಸಕ