ಗಡಿಯಾರದ ಲೆಕ್ಕ, ರಸ್ತೆಯ ಸಾಲ

ಐವತ್ತು ದಾಟಿದ ಓದುಗರಿಗೆ ಬಾಡಿಗೆ ಸೈಕಲ್ ಅಂಗಡಿ ನೆನಪಿರಲೇಬೇಕು. ತಾಸಿಗೆ ಇಷ್ಟು ಪೈಸೆ ಅಂತ ದರ. ಅಂಗಡಿಯಾತ ಗೋಡೆ ಗಡಿಯಾರ ನೋಡಿ ಹೆಸರಿನ ಮುಂದೆ ವೇಳೆ ಬರೆದುಕೊಂಡನೆಂದರೆ ಹುಡುಗನ ಎದೆಯಲ್ಲಿ ಢವಢವ ಶುರು. ಐದು ನಿಮಿಷ ತಡವಾದರೂ ಇನ್ನರ್ಧ ತಾಸಿನ ಬಾಡಿಗೆ ತೆರಬೇಕು. ಜೇಬಿನಲ್ಲಿ ಅಷ್ಟು ಕಾಸಿಲ್ಲ. ಬಜಾರದ ಸಂದುಗೊಂದಿಯಲ್ಲಿ ಬಗ್ಗಿ ತುಳಿದು, ಉಸಿರು ಬಿಡುತ್ತಾ ಬಂದು ಸೈಕಲ್ ಒಪ್ಪಿಸಿದಾಗ ಅರ್ಧ ನಿಮಿಷ ಉಳಿದಿದ್ದರೆ ಅದೇ ದಿಗ್ವಿಜಯ.

ಎದುರಾಳಿ ಇಲ್ಲ, ಗಡಿಯಾರವೇ ಎದುರಾಳಿ. ನಮ್ಮಲ್ಲಿ ಆ ಓಟಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಸೈಕಲ್ ಕ್ರೀಡೆಯವರು ಅದಕ್ಕೆ ‘ಟೈಮ್ ಟ್ರಯಲ್’ ಅನ್ನುತ್ತಾರೆ.

ಈ ಮಾತು ಈಗ ಯಾಕೆ ಬಂತು ಅಂದರೆ, ನಮ್ಮ ವಿಜಯಪುರದ ಒಬ್ಬ ಹವ್ಯಾಸಿ ಸೈಕಲ್ ಸವಾರರು ಇಂಥ ಒಂದು ಹಂಗಾಮು ಮುಗಿಸಿ, ಅದರ ಲೆಕ್ಕದ ವಹಿಯನ್ನು ನಮ್ಮ ಮೇಜಿನ ಮೇಲೆ ತಂದಿಟ್ಟಿದ್ದಾರೆ. ವಯಸ್ಸು ನಲವತ್ತೇಳು. ಬಜಾರದ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಹೆಸರು ಹಾಕಬೇಡಿ ಅಂದಿದ್ದಾರೆ. ನಡುವೆ ಕೆಲವು ದಿನ ಕೆಲಸಕ್ಕೆ ಹೋಗದಿದ್ದಕ್ಕೆ ಮಾಲೀಕರಿಗೆ ಬೇರೇನೋ ಕಾರಣ ಹೇಳಿದ್ದಾರಂತೆ! ಹೀಗಾಗಿ ಇಲ್ಲಿ ಅವರು ಬರೀ ‘ಲೆಕ್ಕದವರು’.

ಹನ್ನೆರಡು ಮಂದಿ, ಒಂದು ಸ್ಟಾಪ್‌ವಾಚ್

ಗುಂಪಿನಲ್ಲಿ ಇರುವವರು ಹನ್ನೆರಡು ಜನ. ಒಬ್ಬ ಮಾಸ್ತರರು, ಒಬ್ಬ ಔಷಧಿ ಅಂಗಡಿಯವರು, ಒಬ್ಬ ಬ್ಯಾಂಕಿನವರು, ಹಿಂದೆ ಸೈಕ್ಲಿಂಗ್ ಹಾಸ್ಟೆಲಿನಲ್ಲಿದ್ದ ಇಬ್ಬರು ಹುಡುಗರು, ಹೀಗೆ. ಪಾಡ್ಯದ ದಿನ ಅಂಗಡಿಯಲ್ಲಿ ಹೊಸ ವಹಿ ಪೂಜೆಯಾಗುತ್ತಲ್ಲ, ಅದರ ಮುಂದಿನ ಭಾನುವಾರದಿಂದ ಶುರು. ಹದಿನೈದು ದಿನಕ್ಕೊಮ್ಮೆ, ಒಟ್ಟು ಎಂಟು ಸಲ. ಶಿವರಾತ್ರಿ ಹೊತ್ತಿಗೆ ಮುಕ್ತಾಯ.

ನಿಯಮ ಸರಳ. ನಸುಕಿನಲ್ಲಿ ಊರ ಹೊರಗಿನ ಹೆದ್ದಾರಿಯಲ್ಲಿ ನಿಮಿಷಕ್ಕೊಬ್ಬರಂತೆ ಹೊರಡಬೇಕು. ಮೂಡಲಿಗೆ 10 ಕಿಲೋಮೀಟರ್ ಹೋಗಿ, ಒಂದು ಸೇತುವೆ ಹತ್ತಿರ ತಿರುಗಿ, 10 ಕಿಲೋಮೀಟರ್ ಮರಳಿ ಬರಬೇಕು. ಮುಂದಿನವನನ್ನು ಹಿಡಿದರೆ ದಾಟಿ ಹೋಗಬೇಕೇ ಹೊರತು ಅವನ ಬೆನ್ನ ಹಿಂದೆ ಗಾಳಿಮರೆ ಮಾಡಿಕೊಂಡು ಕೂಡುವಂತಿಲ್ಲ. ಕಪ್ಪಿಲ್ಲ, ಚೆಕ್ಕಿಲ್ಲ. ಕೊನೆಗೆ ಎಲ್ಲರಿಗೂ ಸೂಸಲಾ, ಮಿರ್ಚಿ, ಚಹಾ.

ಲೆಕ್ಕದವರ ಮೊದಲ ಸಲದ ಸಮಯ 41 ನಿಮಿಷ 20 ಸೆಕೆಂಡು. ಎಂಟನೇ ಸಲದ್ದು 38 ನಿಮಿಷ 47 ಸೆಕೆಂಡು. ಅಂದರೆ ನಾಲ್ಕು ತಿಂಗಳ ಚಳಿ, ಬೆವರು, ಮನೆಯವರ ಬೈಗುಳ ಎಲ್ಲ ಸೇರಿ ಗಳಿಸಿದ್ದು 153 ಸೆಕೆಂಡು. ಒಂದು ಚಹಾ ಕುದಿಯುವುದಕ್ಕೂ ಸಾಲದ ಹೊತ್ತು. ‘ಇಷ್ಟಕ್ಕ ಇಷ್ಟು ಒದ್ದಾಟ ಏನ್ರೀ?’ ಅಂತ ನಾವೇ ಕೇಳಿದೆವು.

‘ಇಡೀ ದಿನ ಮಂದಿ ಲೆಕ್ಕ ಬರೀತೀನ್ರಿ. ಭಾನುವಾರ ಮುಂಜಾನೆ ಇದೊಂದು ನಂದ ಲೆಕ್ಕ. ಇದರಾಗ ಉದ್ರಿ ಇಲ್ಲ, ರಿಯಾಯಿತಿ ಇಲ್ಲ’ ಅಂದರು. ಇದಕ್ಕೆ ಮರುಮಾತು ನಮಗೆ ಹೊಳೆಯಲಿಲ್ಲ.

ಸೆಕೆಂಡಿನ ಬೆಲೆ ಗೊತ್ತಿಲ್ಲದವರು 1989ರ ಫ್ರಾನ್ಸ್ ಪ್ರವಾಸದ ಸ್ಪರ್ಧೆಯನ್ನು, ಅಂದರೆ ‘ಟೂರ್ ಡಿ ಫ್ರಾನ್ಸ್’ ಅನ್ನು ನೆನೆಯಬೇಕು. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್. ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್ ಆ ಬೆಳಿಗ್ಗೆ 50 ಸೆಕೆಂಡು ಹಿಂದಿದ್ದ. ಮೊಣಕೈ ಊರಿ, ಮೈ ಮಡಚಿ ಕೂರಲು ಬರುವ ಹೊಸ ಹ್ಯಾಂಡಲ್ ಹಾಕಿಸಿಕೊಂಡು ತುಳಿದ. ಫ್ರಾನ್ಸಿನ ಲೊರಾಂ ಫಿನ್ಯೋನನ್ನು ಸೋಲಿಸಿ ಇಡೀ ಪ್ರವಾಸ ಗೆದ್ದದ್ದು ಬರೀ 8 ಸೆಕೆಂಡಿನಿಂದ.

ಹ್ಯಾಂಡಲ್ಲಿನ ಮರ್ಮ ಗಾಳಿಯಲ್ಲಿದೆ. ಸಪಾಟು ರಸ್ತೆಯಲ್ಲಿ ಸವಾರನನ್ನು ಹಿಂದಕ್ಕೆ ತಳ್ಳುವುದು ಮುಖ್ಯವಾಗಿ ಗಾಳಿಯೇ. ವೇಗ ಎರಡು ಪಟ್ಟಾದರೆ ಅದರ ತಡೆ ನಾಲ್ಕು ಪಟ್ಟಾಗುತ್ತದೆ. ನಮ್ಮ ಎರಿ ಭೂಮಿಯ ಬಯಲಿನಲ್ಲಿ, ಜೋಳದ ಹೊಲಗಳ ನಡುವೆ ಮೂಡಗಾಳಿಗೆ ಎದೆಗೊಟ್ಟು ಹೋಗುವಾಗ ಇದನ್ನು ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಮರಳುವಾಗ ಅದೇ ಗಾಳಿ ಬೆನ್ನಿಗೆ. ದೂರದಲ್ಲಿ ಗೋಲಗುಮ್ಮಟದ ನೆತ್ತಿ ಕಂಡರೆ, ‘ಇನ್ನ ಸ್ವಲ್ಪ ಅಷ್ಟ’ ಅಂತ ಕಾಲಿಗೆ ತಾನೇ ಹೇಳಿಕೊಳ್ಳುತ್ತಾರಂತೆ.

ಎರಡು ಕಾಲಮ್ಮಿನ ವಹಿ

ಇಷ್ಟೇ ಆಗಿದ್ದರೆ ನಾಲ್ಕು ಸಾಲು ಶಹಬ್ಬಾಸ್ ಬರೆದು ಸುಮ್ಮನಾಗುತ್ತಿದ್ದೆವು. ಆದರೆ ಆ ವಹಿಯಲ್ಲಿ ನಮಗೂ, ನಿಮಗೂ ಸಂಬಂಧಪಟ್ಟದ್ದು ಬೇರೆ ಇದೆ.

ಲೆಕ್ಕದವರು ಪ್ರತಿ ಸಲ ಕಳೆದುಕೊಂಡ ಸೆಕೆಂಡುಗಳನ್ನು ಎರಡು ಕಾಲಮ್ಮಿನಲ್ಲಿ ಬರೆದಿಟ್ಟಿದ್ದಾರೆ. ಎಡಕ್ಕೆ ‘ನನ್ನ ತಪ್ಪು’, ಬಲಕ್ಕೆ ‘ರಸ್ತೆ ತಪ್ಪು’. ಎಂಟನೇ ಸಲದ ಪುಟ ನೋಡಿ. ನನ್ನ ತಪ್ಪು: ಮೊದಲಿಗೇ ಜೋರು ತುಳಿದು ಆಮೇಲೆ ದಮ್ಮು ಕಟ್ಟಿದ್ದು, 20. ಸೇತುವೆ ಹತ್ತಿರ ಕೆಟ್ಟದಾಗಿ ತಿರುಗಿದ್ದು, 6. ತಲೆ ಎತ್ತಿ ಕುಳಿತದ್ದು, 8. ಒಟ್ಟು 34 ಸೆಕೆಂಡು. ರಸ್ತೆ ತಪ್ಪು: ಊರ ಬಾಯಿಯ ಎರಡು ಹಂಪು, 12. ಅಂಗಡಿ ಮುಂದೆ ನಿಂತ ಲಾರಿ ಸುತ್ತಿದ್ದು, 7. ಬಿದ್ದ ಕಬ್ಬಿನ ಜಲ್ಲೆ ತಪ್ಪಿಸಿದ್ದು, 5. ರಸ್ತೆ ಮೇಲೆ ಹರವಿದ ರಾಶಿ, 9. ಒಟ್ಟು 33.

ಎರಡೂ ಹೆಚ್ಚುಕಡಿಮೆ ಸರಿಸಮ. ‘ಹಂಪಿನ ಹನ್ನೆರಡಕ್ಕ ನನ್ನ ತಕರಾರು ಇಲ್ಲರಿ. ಅಲ್ಲಿ ಸಾಲಿ ಐತಿ, ಹುಡುಗ್ರು ದಾಟ್ತಾವು’ ಅಂದರು. ಹಾಗಾದರೆ ಉಳಿದ 21? ಅವು ಯಾರ ಖಾತೆಗೆ? ಲಾರಿ ನಿಲ್ಲಿಸಿ ಸರಕು ಇಳಿಸಿಕೊಂಡವರು ಅಂಗಡಿಕಾರರು. ರಾಶಿ ಹರವಿದವರು ಕಣಕ್ಕೆ ಜಾಗವಿಲ್ಲದ ರೈತರು. ಜಲ್ಲೆ ಚೆಲ್ಲಿಕೊಂಡು ಹೋದವರು ಹೊರೆ ಮೀರಿ ಹೇರಿದ ಟ್ರ್ಯಾಕ್ಟರಿನವರು. ಎಲ್ಲರಿಗೂ ಅವರವರ ಅಡಚಣೆ ಇದೆ, ನಾವೂ ಬಲ್ಲೆವು. ಆದರೆ ಎಲ್ಲರ ಅಡಚಣೆಯೂ ಬಂದು ಬೀಳುವುದು ರಸ್ತೆಯ ಎಡ ಅಂಚಿನ ಮೇಲೆಯೇ. ಆ ಅಂಚು ಯಾರ ಪಾಲಿನದು? ಸೈಕಲ್ಲಿನವರದು, ನಡೆಯುವವರದು, ಬಸ್ಸಿಗೆ ಕಾಯುವವರದು.

ಮೂರನೇ ಸಲದ ಪುಟ

ಆ ವಹಿಯಲ್ಲಿ ಮೂರನೇ ಸಲದ ಪುಟದಲ್ಲಿ ಸಮಯವೇ ಇಲ್ಲ. ‘ಮುಗಿಸಲಿಲ್ಲ’ ಅಂತ ಒಂದೇ ಪದ.

ಚಳಿಗಾಲದ ಮುಂಜಾವು, ಇನ್ನೂ ಹೊತ್ತು ಮೂಡಿರಲಿಲ್ಲ. ಎಡಕ್ಕೆ ಕಬ್ಬು ತುಂಬಿದ ಜೋಡಿ ಟ್ರೇಲರ್ ಕೆಟ್ಟು ನಿಂತಿತ್ತು. ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯಿಲ್ಲ, ಒಂದು ಮುಳ್ಳಿನ ಟೊಂಗೆಯನ್ನೂ ಇಟ್ಟಿರಲಿಲ್ಲ. ನಮ್ಮ ಲೆಕ್ಕದವರು ತಲೆ ಬಗ್ಗಿಸಿ ಗಾಳಿ ಸೀಳುವ ಭರದಲ್ಲಿದ್ದರು. ಕಂಡದ್ದು ಕೊನೆಯ ಗಳಿಗೆಯಲ್ಲಿ. ಬ್ರೇಕು ಹಿಡಿದು ಹೊರಳಿಸಿದರು. ಚಾಚಿಕೊಂಡಿದ್ದ ಜಲ್ಲೆಗಳು ಭುಜಕ್ಕೆ ತಾಗಿ ರಸ್ತೆಗೆ ಬಿದ್ದರು. ಮೊಣಕೈಗೂ ಮೊಣಕಾಲಿಗೂ ಹೊಲಿಗೆ ಬಿತ್ತು. ನಾಲ್ಕನೇ, ಐದನೇ ಸಲಕ್ಕೆ ಸೈಕಲ್ ಹತ್ತಲಾಗಲಿಲ್ಲ.

ಅವರನ್ನು ಎತ್ತಿದವರು ಯಾರು ಗೊತ್ತೇ? ಊರಿಗೆ ಬರುತ್ತಿದ್ದ ಮುಂಜಾನೆಯ ಬಸ್ಸಿನವರು. ಚಾಲಕರು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಹಿಂದೆ ಬರುವ ವಾಹನಗಳಿಗೆ ಕಾಣುವಂತೆ ದೀಪ ಮಿನುಗಿಸಿಟ್ಟರು. ನಿರ್ವಾಹಕರೂ ಇಬ್ಬರು ಪ್ರಯಾಣಿಕರೂ ಸೇರಿ ಅವರನ್ನೂ, ಬಾಗಿದ ಸೈಕಲ್ಲನ್ನೂ ಬಸ್ಸಿಗೆ ಹತ್ತಿಸಿದರು. ಒಬ್ಬ ತಾಯಿ ತಮ್ಮ ಸೆರಗಿನ ಅಂಚು ಹರಿದು ಕೈಗೆ ಕಟ್ಟಿದರಂತೆ. ಬಸ್ಸು ಇಪ್ಪತ್ತು ನಿಮಿಷ ತಡ. ಯಾರೂ ಗೊಣಗಲಿಲ್ಲ. ಆ ಬಸ್ಸಿನಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರ ನಮಸ್ಕಾರವನ್ನು ನಾವು ಇಲ್ಲಿಂದಲೇ ತಲುಪಿಸುತ್ತಿದ್ದೇವೆ.

ಆ ಪುಟದ ಬಲಕಾಲಮ್ಮಿನಲ್ಲಿ ‘ಟ್ರೇಲರಿಗೆ ದೀಪ ಇರಲಿಲ್ಲ’ ಅಂತ ಇದೆ. ಇದು ನಿರೀಕ್ಷಿತವೇ. ಎಡಕಾಲಮ್ಮಿನಲ್ಲಿ ಬರೆದದ್ದನ್ನು ಓದಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು: ‘ನನ್ನ ಸೈಕಲ್ಲಿಗೂ ದೀಪ ಇರಲಿಲ್ಲ. ಭಾರ ಅಂತ ನಾನೇ ಬಿಚ್ಚಿಟ್ಟಿದ್ದೆ.’

ತನ್ನ ಗಾಯದ ಪುಟದಲ್ಲೂ ಎರಡೂ ಕಾಲಮ್ ತುಂಬುವ ಪ್ರಾಮಾಣಿಕತೆ ನಮ್ಮಲ್ಲಿ ಎಷ್ಟು ಮಂದಿಗೆ ಇದೆ? ಅಧಿಕಾರಿಗಳು ಬಲಕಾಲಮ್ ಮಾತ್ರ ಬರೆಯುತ್ತಾರೆ, ಸಾರ್ವಜನಿಕರೂ ಅಷ್ಟೇ. ಪತ್ರಿಕೆಯವರೂ ಹೊರತಲ್ಲ ಅನ್ನಿ!

ಯಾರಿಗೂ ತೊಂದರೆ ಬೇಡ ಅಂತ ಹುಟ್ಟಿದ ಆಟ

‘ಹೆದ್ದಾರಿ ಇರೋದು ಆಟ ಆಡೋಕಾ?’ ಅಂತ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಇಂಗ್ಲೆಂಡಿನಲ್ಲಿದೆ.

1894ರಲ್ಲಿ ಅಲ್ಲಿನ ಒಂದು ಹೆದ್ದಾರಿಯಲ್ಲಿ ಸೈಕಲ್ ಪಂದ್ಯದವರಿಗೂ ಒಂದು ಕುದುರೆ ಗಾಡಿಗೂ ತಕರಾರಾಗಿ ಗಾಡಿ ಹಾದಿ ತಪ್ಪಿತು, ಸವಾರರೂ ಬಿದ್ದರು. ಪೊಲೀಸರ ಕಾಟಕ್ಕೆ ಹೆದರಿದ ಅಲ್ಲಿನ ಸೈಕಲ್ ಒಕ್ಕೂಟ ರಸ್ತೆ ಮೇಲಿನ ಗುಂಪು ಪಂದ್ಯವನ್ನೇ ಕೈಬಿಟ್ಟಿತು. ಆಗ ಅದೇ ಪಂದ್ಯದಲ್ಲಿದ್ದ ಎಫ್. ಟಿ. ಬಿಡ್ಲೇಕ್ ಎಂಬಾತ 1895ರಲ್ಲಿ ಒಂದು ಉಪಾಯ ಹೂಡಿದ. ಗುಂಪಾಗಿ ಬೇಡ, ಒಬ್ಬೊಬ್ಬರೇ ಗಡಿಯಾರಕ್ಕೆ ಎದುರಾಗಿ ಹೋಗೋಣ ಅಂದ. ಆಮೇಲೆ ಬಹಳ ವರ್ಷ ಅಲ್ಲಿನ ಸವಾರರು ಕಪ್ಪು ಬಟ್ಟೆ ತೊಟ್ಟು, ಬೆಳಕು ಹರಿಯುವ ಹೊತ್ತಿಗೆ, ದಾರಿಯ ಹೆಸರು ಹೇಳದೆ ಗುಪ್ತ ಸಂಕೇತವಿಟ್ಟುಕೊಂಡು ಓಡಿಸುತ್ತಿದ್ದರು. ರಸ್ತೆಯಲ್ಲಿ ಯಾರಿಗೂ ತೊಂದರೆಯಾಗಬಾರದು ಅಂತಲೇ ಹುಟ್ಟಿದ ಆಟ ಇದು.

ಇನ್ನು ನಮ್ಮ ಜಿಲ್ಲೆಯ ಮಾತು. ವಿಜಯಪುರ, ಬಾಗಲಕೋಟೆ ಅಂದರೆ ರಾಜ್ಯದ ಸೈಕಲ್ ಕ್ರೀಡೆಯ ತವರು. ಕರ್ನಾಟಕ ತಂಡದಲ್ಲಿ ತುಳಿದ ಎಷ್ಟೋ ಹುಡುಗ ಹುಡುಗಿಯರು ಇಲ್ಲಿನ ಹಳ್ಳಿಗಳವರು, ಒಕ್ಕಲುತನದ ಮನೆಯವರು. ಅವರು ಕಾಲು ಪಳಗಿಸಿದ್ದು ಇಂಥವೇ ಹೆದ್ದಾರಿಗಳ ಅಂಚಿನಲ್ಲಿ. ಪದಕ ಬಂದ ದಿನ ಹಾರ ಹಾಕಲು ನಾವೆಲ್ಲ ಮುಂದು. ಅವರು ದಿನಾ ತುಳಿಯುವ ಅಂಚಿನ ಮೇಲೆ ಜಲ್ಲಿಕಲ್ಲು ಸುರಿಯುವವರೂ ನಾವೇ.

ಹೋಗಲಿ, ಆಟದ ಮಾತು ಬಿಡಿ. ಲೆಕ್ಕದವರಿಗೆ ಹೋದದ್ದು ಸೆಕೆಂಡು, ಬಿದ್ದದ್ದು ಹೊಲಿಗೆ. ಅದೇ ಕತ್ತಲಲ್ಲಿ ಹ್ಯಾಂಡಲ್ಲಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಬರುವ ಹಳ್ಳಿಯ ಮುದುಕನ ಕತೆ ಏನು? ಪೇಪರ್ ಹಾಕುವ ಹುಡುಗನದು? 2006-07ರಲ್ಲಿ ಶುರುವಾದ ಸರಕಾರದ ಯೋಜನೆಯಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಸಿಕ್ಕವು. ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಕಂಡದ್ದು ಆ ಸೈಕಲ್ ಏರಿ. ಸೈಕಲ್ ಕೊಟ್ಟ ನಾವು ಅದನ್ನು ತುಳಿಯಲು ಮೂರು ಅಡಿ ಅಂಚು ಬಿಡಲಿಲ್ಲ ಅಂದರೆ ಹೇಗೆ?

ಆಗಬೇಕಾದ್ದು ಇಷ್ಟು

ಮೊದಲನೆಯದು ಹಿಂಬದಿ ದೀಪ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಬೆಳಕು ಬಿದ್ದರೆ ಹೊಳೆಯುವ ಕೆಂಪು ಬಿಲ್ಲೆ ಹಿಂದೆ ಇರಬೇಕೆಂದಿದೆ. ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲೇ ಕಾರ್ಖಾನೆಗಳ ಗೇಟಿನಲ್ಲಿ, ಹೊಳೆಯುವ ಪಟ್ಟಿ ಇಲ್ಲದ ಟ್ರೇಲರಿಗೆ ತೂಕದ ಚೀಟಿ ಕೊಡುವುದಿಲ್ಲ ಅಂದುಬಿಡಲಿ. ಒಂದೇ ವಾರದಲ್ಲಿ ಎಲ್ಲ ಹೊಳೆಯುತ್ತವೆ. ಪಟ್ಟಿಯ ಖರ್ಚು ಕಬ್ಬಿನ ಬಿಲ್ಲಿನ ಮುಂದೆ ಏನೂ ಅಲ್ಲ. ಜಿಲ್ಲಾಡಳಿತ ಒಂದು ಸಭೆ ಕರೆದರೆ ಸಾಕು.

ಎರಡನೆಯದು ಅಂಗಡಿಕಾರ ಬಂಧುಗಳಿಗೆ. ಸರಕಿನ ಲಾರಿಯನ್ನು ಅರ್ಧ ರಸ್ತೆಯ ಮೇಲೆ, ಅರ್ಧ ಅಂಚಿನ ಮೇಲೆ ನಿಲ್ಲಿಸಬೇಡಿ. ಗಿರಾಕಿ ಬರುವುದೂ ಆ ಅಂಚಿನಿಂದಲೇ ಅಲ್ಲವೇ?

ಮೂರನೆಯದು ರೈತರ ಕಣ. ರಸ್ತೆಯಲ್ಲಿ ರಾಶಿ ಮಾಡಬೇಡಿ ಅಂತ ಬೋರ್ಡು ಹಾಕಿದರೆ ಪ್ರಯೋಜನವಿಲ್ಲ. ಊರೂರಿಗೆ ಒಂದು ಸಾರ್ವಜನಿಕ ಕಣ ಮಾಡಿಕೊಡುವುದು ಪಂಚಾಯ್ತಿಗಳ ಕೈಯಲ್ಲಿದೆ.

ಕೊನೆಯದು ಸೈಕಲ್ಲಿನವರಿಗೇ. ಹಿಂದಿನ ಕಾಲದಲ್ಲಿ ದೀಪವಿಲ್ಲದ ಸೈಕಲ್ಲನ್ನು ಪೊಲೀಸಿನವ ಹಿಡಿದು ಗಾಳಿ ಬಿಡುತ್ತಿದ್ದ. ಈಗ ಯಾರೂ ಹಿಡಿಯುವುದಿಲ್ಲ ಅಂತ ದೀಪ ಬಿಡಬೇಡಿ. ಮುಂದೊಂದು ಬಿಳಿ, ಹಿಂದೊಂದು ಕೆಂಪು. ಆ ಗುಂಪಿನ ಹನ್ನೆರಡೂ ಜನ ಈಗ ದೀಪ ಹಚ್ಚಿಯೇ ಹೊರಡುತ್ತಾರೆ.

‘ದೀಪದ ಭಾರಕ್ಕ ಎಷ್ಟು ಸೆಕೆಂಡು ಹೋಗ್ತಾವ್ರಿ?’ ಅಂತ ಕೊನೆಗೆ ಕೇಳಿದೆವು. ಲೆಕ್ಕದವರು ವಹಿ ಮುಚ್ಚುತ್ತಾ ನಕ್ಕರು.

‘38 ನಿಮಿಷ 47 ಸೆಕೆಂಡು ದೀಪ ಕಟ್ಟಿಕೊಂಡ ಹೊಡದದ್ರಿ.’