ಒಮ್ಮೆ ಸಾಕ್ಸ್ ಬಿಚ್ಚಿಸಿ ನೋಡಿ

ಮಕ್ಕಳಿಗೂ ಶುಗರ್ ಬರುತ್ತೆ ಅನ್ನೋದನ್ನೇ ನಮ್ಮಲ್ಲಿ ಎಷ್ಟೋ ಜನ ಇನ್ನೂ ಒಪ್ಪಲ್ಲ. ‘ಚಾಕ್ಲೇಟ್ ಜಾಸ್ತಿ ಕೊಟ್ರಾ?’ ಅಂತ ತಾಯಿಯನ್ನೇ ಕೇಳ್ತಾರೆ. ಟೈಪ್ 1 ಮಧುಮೇಹ ಚಾಕ್ಲೇಟಿನಿಂದ ಬರುವಂಥದ್ದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುವುದರಿಂದ ಬರುವಂಥದ್ದು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನ ಪ್ರಕಾರ ಭಾರತದಲ್ಲಿ 20 ವರ್ಷದೊಳಗಿನ ಸುಮಾರು 2.29 ಲಕ್ಷ ಜನರಿಗೆ ಇದು ಇದೆ. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಈ ಸಲ ನಾನು ಬರೀತಿರೋದು ಆ ಮಕ್ಕಳ ಕಾಲಿನ ಬಗ್ಗೆ.

ಕಾಲೇ ಯಾಕೆ ಅಂತೀರಾ? ಬೆನ್ನಿನ ಕೆಳಭಾಗದಿಂದ ಹೊರಟು ಕಾಲ್ಬೆರಳಿನ ತುದಿ ಮುಟ್ಟುವ ನರತಂತುಗಳು ನಮ್ಮ ದೇಹದಲ್ಲೇ ಅತಿ ಉದ್ದದವು. ದೊಡ್ಡವರಲ್ಲಿ ಹೆಚ್ಚುಕಮ್ಮಿ 1 ಮೀಟರ್. ಆ ತುದಿಗೆ ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ಬೆನ್ನುಹುರಿ ಹತ್ತಿರದ ಕೋಶದಿಂದಲೇ ಸಾಗಿ ಬರಬೇಕು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ನರಕ್ಕೂ ಏಟು, ನರವನ್ನು ಸಾಕುವ ಸಣ್ಣ ರಕ್ತನಾಳಗಳಿಗೂ ಏಟು. ನೀರಿನ ಒತ್ತಡ ಕಮ್ಮಿಯಾದರೆ ಬಡಾವಣೆಯ ಕೊನೇ ಮನೆಯ ನಲ್ಲಿ ಮೊದಲು ಒಣಗುತ್ತಲ್ಲ, ಹಾಗೇ ತೊಂದರೆ ಮೊದಲು ಕಾಣಿಸಿಕೊಳ್ಳೋದು ಕಾಲ್ಬೆರಳಲ್ಲಿ. ಅಲ್ಲಿಂದ ನಿಧಾನಕ್ಕೆ, ಸಾಕ್ಸ್ ಹಾಕಿಕೊಂಡ ಹಾಗೆ, ಮೇಲಕ್ಕೆ ಏರುತ್ತೆ.

ಅಜ್ಜ ಅಜ್ಜಿಯರಿಗೆ ಶುಗರ್‌ನಿಂದ ಅಂಗಾಲು ಉರಿ, ಜೋಮು ಅಂದ್ರೆ ಮನೆಮಂದಿಗೆಲ್ಲ ಗೊತ್ತಾಗುತ್ತೆ, ರಾತ್ರಿಯೆಲ್ಲ ಹೇಳ್ತಾರೆ. ಮಕ್ಕಳು ಹೇಳಲ್ಲ. ಮುಚ್ಚಿಡ್ತಾರೆ ಅಂತಲ್ಲ, ಹೆಚ್ಚಿನ ಮಕ್ಕಳಿಗೆ ಆ ಹಂತದಲ್ಲಿ ಏನೂ ಅನ್ನಿಸಿರೋದೇ ಇಲ್ಲ. ನರದಲ್ಲಿ ಸಂದೇಶ ಹರಿಯೋ ವೇಗ ತುಸು ಇಳಿದಿರುತ್ತೆ, ಅಷ್ಟೇ. ದಿನವಿಡೀ ಸರ್ವರ್‌ಗಳನ್ನು ಕಾಯೋ ಕೆಲಸದವನಾಗಿ ಹೇಳ್ತೀನಿ, ಪೂರ್ತಿ ನಿಂತುಹೋದ ಸರ್ವರ್ ಎರಡು ನಿಮಿಷದಲ್ಲಿ ಪತ್ತೆಯಾಗುತ್ತೆ. ದಿನಕ್ಕಿಷ್ಟು ಅಂತ ನಿಧಾನ ಆಗ್ತಾ ಹೋಗೋದು ಅಳತೆ ಮಾಡಿದರೆ ಮಾತ್ರ ಸಿಗುತ್ತೆ.

ಅಳತೆ ಮಾಡಿದಾಗ ಸಿಕ್ಕಿದ್ದೇನು? ಮಕ್ಕಳ ಮಧುಮೇಹದ ಬಗ್ಗೆ ಅಮೆರಿಕದಲ್ಲಿ ನಡೆದ ‘ಸರ್ಚ್’ ಅಧ್ಯಯನದ 2017ರ ವರದಿ ಇದೆ. ಕಾಯಿಲೆ ಶುರುವಾಗಿ ಕೆಲವು ವರ್ಷವಾದ ಎಳೆಯರ ಕಾಲು ಪರೀಕ್ಷಿಸಿದಾಗ ಟೈಪ್ 1 ಇರುವವರಲ್ಲಿ ಶೇ. 7ರಷ್ಟು ಮಂದಿಯಲ್ಲಿ ನರದ ತೊಂದರೆ ಕಂಡಿತು, ಟೈಪ್ 2 ಇರುವವರಲ್ಲಿ ಶೇ. 22. ಈ ವಯಸ್ಸಿನಲ್ಲಿ ಕಾಲಿಗೆ ಹುಣ್ಣಾಗೋದು ಅಪರೂಪ, ಆ ಭಯ ಬೇಡ. ಆದರೆ ಹನ್ನೆರಡರಲ್ಲಿ ಯಾರೂ ನೋಡದೇ ಬಿಟ್ಟದ್ದು ಮೂವತ್ತರಲ್ಲಿ, ಅಂದರೆ ನನ್ನ ನಿಮ್ಮ ವಯಸ್ಸಿನಲ್ಲಿ, ಎದುರಿಗೆ ಬರಬಹುದು.

ನಮ್ಮಕ್ಕನ ಮಗಳಿಗೆ ಈಗ ಹದಿಮೂರು, ಆರನೇ ವಯಸ್ಸಿನಿಂದ ಇನ್ಸುಲಿನ್. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗ್ತಾರೆ. ಎಚ್‌ಬಿಎ1ಸಿ ರಿಪೋರ್ಟ್ ನೋಡಿ, ಡೋಸ್ ಬದಲಿಸಿ, ಐದು ನಿಮಿಷದಲ್ಲಿ ಮುಂದಿನ ಟೋಕನ್. ಹೋದ ವರ್ಷ ಅಕ್ಕ ‘ಕಾಲೊಮ್ಮೆ ನೋಡ್ತೀರಾ ಸಾರ್?’ ಅಂತ ಕೇಳಿದ್ದಕ್ಕೆ ‘ಇಷ್ಟು ಚಿಕ್ಕ ಹುಡುಗಿ ಕಾಲಿಗೇನಮ್ಮ ಆಗುತ್ತೆ’ ಅಂತ ಉತ್ತರ ಬಂತು. ಅಕ್ಕ ಸುಮ್ಮನಿರೋಳಲ್ಲ, ಬೇರೆ ಕಡೆ ತೋರಿಸಿದಳು. ನಾನೂ ಜೊತೆಗಿದ್ದೆ.

ಆ ಡಾಕ್ಟರ್ ಮಾಡಿದ್ದಕ್ಕೆ ಹತ್ತು ನಿಮಿಷವೂ ಹಿಡೀಲಿಲ್ಲ. ಮೊದಲು ಮಾನೋಫಿಲಮೆಂಟ್ ಅನ್ನೋ ನೈಲಾನ್ ಎಳೆ. ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುವ ಹಾಗೆ ಮಾಡಿರ್ತಾರೆ. ಹುಡುಗಿ ಕಣ್ಣು ಮುಚ್ಚಿಕೊಂಡು, ಅಂಗಾಲಿಗೆ ಮುಟ್ಟಿದಾಗಲೆಲ್ಲ ‘ಹೂಂ’ ಅನ್ನಬೇಕು. ಎಲ್ಲ ಸರಿಯಾಗೇ ಹೇಳಿದಳು. ಆಮೇಲೆ ಸುತ್ತಿಗೆಯಲ್ಲಿ ಹಿಮ್ಮಡಿ ಮೇಲೆ ತಟ್ಟಿ ನೋಡಿದರು. ಕೊನೆಗೆ ನಾವು ಪಿಯುಸಿ ಫಿಸಿಕ್ಸ್ ಲ್ಯಾಬಲ್ಲಿ ಹಿಡಿದಂಥದ್ದೇ ಟ್ಯೂನಿಂಗ್ ಫೋರ್ಕ್, 128 ಹರ್ಟ್ಸ್‌ನದ್ದು. ಅದನ್ನು ಕಂಪಿಸಿ ಹೆಬ್ಬೆರಳಿನ ಗೆಣ್ಣಿನ ಮೇಲಿಟ್ಟರು. ‘ನಿಂತೋಯ್ತು’ ಅಂದಳು ಹುಡುಗಿ. ಡಾಕ್ಟರ್ ತಕ್ಷಣ ಅದನ್ನ ತಮ್ಮ ಬೆರಳಿಗಿಟ್ಟುಕೊಂಡು, ಇನ್ನೂ ನಡುಗ್ತಾ ಇದ್ದ ಹೊತ್ತನ್ನು ಮನಸ್ಸಲ್ಲೇ ಎಣಿಸಿದರು. ಇನ್ನೊಂದು ಕಾಲಲ್ಲೂ ಹಾಗೇ ಆಯ್ತು.

ಮುಂದಿನ ಪರೀಕ್ಷೆ ನರ್ವ್ ಕಂಡಕ್ಷನ್, ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಟ್ಟು ನರದ ವೇಗ ಅಳೆಯೋದು. ‘ಮಾಮ, ಇರುವೆ ಕಚ್ಚಿದಂಗಾಯ್ತು’ ಅಂದಳು, ಅತ್ತಿಲ್ಲ. ಕಾಲಿನ ನರಗಳು ಸ್ವಲ್ಪ ನಿಧಾನ ಅಂತ ಬಂತು. ಜೊತೆಗೆ ಬಿ12 ಕೂಡ ಕಮ್ಮಿ ಇತ್ತು. ಇದು ಮುಖ್ಯ. ಬಿ12 ಕೊರತೆಯೂ ನರಕ್ಕೆ ಇದೇ ಥರ ತೊಂದರೆ ಕೊಡುತ್ತೆ. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಅದು ಮಾಮೂಲಿ, ಮೆಟ್‌ಫಾರ್ಮಿನ್ ತಗೊಳ್ಳೋರಲ್ಲೂ ಇಳಿಯುತ್ತೆ. ಎಲ್ಲವನ್ನೂ ಶುಗರ್ ತಲೆಗೆ ಕಟ್ಟೋ ಮೊದಲು ಇದನ್ನ ನೋಡಲೇಬೇಕು. ಥೈರಾಯ್ಡ್ ಕೂಡ.

ಇನ್ನೊಂದು ವಿಷಯ ಗಮನಿಸಿದ್ರಾ? ನೈಲಾನ್ ಎಳೆಯ ಪರೀಕ್ಷೆಯಲ್ಲಿ ಅವಳು ಪಾಸಾಗಿದ್ದಳು. ಅದು ಹಿರಿಯರ ಕಾಲಿನ ಸ್ಪರ್ಶ ಎಷ್ಟು ಹೋಗಿದೆ ಅಂತ ಹೇಳೋಕೆ ಒಳ್ಳೇದು, ಎಳೆಯರಲ್ಲಿ ಶುರುವಾತಿನ ತೊಂದರೆ ಅದರ ಕೈಗೆ ಸಿಗದೇ ಹೋಗಬಹುದು. ಹಾಗಾಗಿ ಒಂದೇ ಪರೀಕ್ಷೆ ಮಾಡಿ ‘ನಾರ್ಮಲ್’ ಅಂದ್ರೆ, ಬೇರೇನು ನೋಡಿದ್ರಿ ಅಂತ ಕೇಳಿ.

ಬೇಗ ಗೊತ್ತಾದರೆ ಏನು ಲಾಭ? ಪೂರ್ತಿ ಸತ್ತ ನರವನ್ನು ಮತ್ತೆ ಬೆಳೆಸೋ ಮಾತ್ರೆ ಇಲ್ಲ. ಉರಿ, ನೋವು ಕಮ್ಮಿ ಮಾಡೋ ಮಾತ್ರೆಗಳಿವೆ ಅಷ್ಟೇ. ಆದರೆ ತಡೆಯೋಕೆ ಆಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇದೆ. ಅಮೆರಿಕ, ಕೆನಡಾಗಳಲ್ಲಿ 1983ರಿಂದ 1993ರವರೆಗೆ ಟೈಪ್ 1 ಇರುವ, 13ರಿಂದ 39 ವರ್ಷದ 1,441 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟ ಗುಂಪಿನಲ್ಲಿ ನರದ ತೊಂದರೆ ಸುಮಾರು ಶೇ. 60 ಕಮ್ಮಿ. ಅಧ್ಯಯನ ಮುಗಿದು ಎರಡೂ ಗುಂಪಿನ ಸಕ್ಕರೆ ಮಟ್ಟ ಹತ್ತಿರ ಹತ್ತಿರ ಒಂದೇ ಆದಮೇಲೂ, ಮೊದಲ ವರ್ಷಗಳಲ್ಲಿ ಹತೋಟಿಯಲ್ಲಿದ್ದವರಿಗೆ ಆ ಲಾಭ ಉಳಿದಿತ್ತು. ನರಕ್ಕೆ ಹಳೇ ಲೆಕ್ಕ ನೆನಪಿರುತ್ತೆ.

ಪರೀಕ್ಷೆ ಯಾವಾಗ ಅನ್ನೋದನ್ನ ಅಮೆರಿಕದ ಮಧುಮೇಹ ಸಂಘ ಸ್ಪಷ್ಟವಾಗೇ ಹೇಳಿದೆ. ಟೈಪ್ 1 ಬಂದು 5 ವರ್ಷವಾಗಿ, ಮಗುವಿಗೆ 10 ತುಂಬಿದ್ದರೆ ಅಥವಾ ಅದಕ್ಕೂ ಮೊದಲೇ ಪ್ರೌಢಾವಸ್ಥೆ ಶುರುವಾಗಿದ್ದರೆ, ವರ್ಷಕ್ಕೊಮ್ಮೆ ಕಾಲಿನ ಪೂರ್ತಿ ಪರೀಕ್ಷೆ. ಟೈಪ್ 2 ಆದರೆ ಕಾಯಿಲೆ ಗೊತ್ತಾದ ದಿನದಿಂದಲೇ, ಯಾಕಂದ್ರೆ ಅದು ಯಾವಾಗ ಶುರುವಾಯ್ತು ಅಂತ ಯಾರಿಗೂ ಗೊತ್ತಿರಲ್ಲ. ಎದ್ದು ನಿಂತ ಕೂಡಲೇ ತಲೆಸುತ್ತು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗೋದು, ಇಂಥದ್ದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಹೃದಯ, ಹೊಟ್ಟೆ ನೋಡಿಕೊಳ್ಳೋ ನರಗಳೂ ಇದರಲ್ಲಿ ಸೇರ್ತವೆ.

ನಮ್ಮ ಹುಡುಗಿಗೆ ಬಿ12 ಶುರುವಾಗಿದೆ, ಸಂಜೆ ಟ್ಯೂಷನ್ ಹೊತ್ತಿನ ಡೋಸ್ ಈಗ ತಪ್ಪೋದಿಲ್ಲ. ನರ ಹೇಗಿದೆ ಅಂತ ಮುಂದಿನ ಪರೀಕ್ಷೆಯಲ್ಲೇ ಗೊತ್ತಾಗಬೇಕು. ಆಸ್ಪತ್ರೆ ದಿನ ಅಕ್ಕ ಅವಳಿಗೆ ಶೂ ಹಾಕಿಸಲ್ಲ, ಚಪ್ಪಲಿಯಲ್ಲೇ ಕರ್ಕೊಂಡು ಹೋಗ್ತಾಳೆ. ಬಿಚ್ಚೋಕೆ ಟೈಮಿಲ್ಲ ಅಂತ ಯಾರೂ ಹೇಳಬಾರದಲ್ಲ.